ಲೈಟ್ ಬಂದದ್ದು ಯಾವಾಗ?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಬೆಳಗಿತೆಂದರೆ ಈಗಿನ ಗ್ಯಾರೇಜುಗಳಲ್ಲಿ ನಡೆಯುವ ವಿಧಿ ಒಂದೇ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾರೆ. ಪರದೆಯ ಮೇಲೆ ಪಿ0171, ಪಕ್ಕದಲ್ಲಿ ‘ಸಿಸ್ಟಂ ಟೂ ಲೀನ್’ ಎಂದು ಬರುತ್ತದೆ. “ಅಣ್ಣಾ, ಆಕ್ಸಿಜನ್ ಸೆನ್ಸರ್ ಹೋಗೈತೆ, ಹೊಸದು ಹಾಕಿಸ್ಬಿಡಿ” ಎಂಬ ತೀರ್ಪು ಹೊರಬೀಳುತ್ತದೆ. ಹಾಕಿಸಿಯೂ ಆಗುತ್ತದೆ. ಕೋಡ್ ಅಳಿಸಿದ್ದರಿಂದ ಲೈಟ್ ನಾಲ್ಕು ದಿನ ಸುಮ್ಮನಿದ್ದು, ಕೋಲಾರದ ವೇಮಗಲ್ ದಾಟಿ ಎಚ್.ಕ್ರಾಸ್ ಕಡೆ ಹೋಗುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ.

ಗಾಳಿ-ಪೆಟ್ರೋಲ್ ಮಿಕ್ಸ್ಚರಿನ ಕಾಯಿಲೆಗಳಲ್ಲಿ ಸೆನ್ಸರೇ ಅಪರಾಧಿಯಾಗಿರುವುದು ಕಡಿಮೆ. ಬಹಳ ಸಲ ಅದು ದೂರು ಕೊಟ್ಟವನು. ದೂರುದಾರನನ್ನೇ ಬದಲಾಯಿಸಿದರೆ ಕಳ್ಳ ಸಿಗುವುದಿಲ್ಲ. ಯಾವ ಪಾರ್ಟ್ ಹೋಗಿದೆ ಎಂದು ಕೇಳುವುದಕ್ಕೆ ಮೊದಲು ಯಾವಾಗ ತೊಂದರೆ ಕೊಡುತ್ತದೆ ಎಂದು ಕೇಳಬೇಕು. ಐಡಲಿಂಗಿನಲ್ಲೋ, ಎಳೆತದಲ್ಲೋ, ಬೆಳಗಿನ ಚಳಿಯಲ್ಲೋ, ಎಂಜಿನ್ ಕಾದ ಮೇಲೋ? ಈ ‘ಯಾವಾಗ’ ಸಿಕ್ಕರೆ ‘ಯಾವುದು’ ತಾನಾಗಿ ಹತ್ತಿರಕ್ಕೆ ಬರುತ್ತದೆ.

ಮೊದಲು ಲೆಕ್ಕ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ 1 ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ 1 ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 11 ಕಿಲೋ ಗಾಳಿ. ನಮ್ಮ ಕೋಲಾರ ಸೀಮೆ ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ತುಸು ತೆಳು. ಚೆನ್ನೈ ಕಡಲತೀರದಲ್ಲಿ 9,200 ಲೀಟರ್ ಗಾಳಿಯಲ್ಲಿ ಮುಗಿಯುವ ಕೆಲಸಕ್ಕೆ ವೇಮಗಲ್ಲಿನಲ್ಲಿ ಸುಮಾರು 10,000 ಲೀಟರ್ ಬೇಕಾಗುತ್ತದೆ. ಗಾಳಿ ಹೆಚ್ಚಾದರೆ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ಲೀನ್ ಗಾಡಿ ಕೆಮ್ಮುತ್ತದೆ, ಎಳೆತದಲ್ಲಿ ಮುಗ್ಗರಿಸುತ್ತದೆ, ಎಂಜಿನ್ ಮೈ ಕಾಯುತ್ತದೆ. ರಿಚ್ ಗಾಡಿ ಕಪ್ಪು ಹೊಗೆ ಬಿಡುತ್ತದೆ, ಕಣ್ಣು ಉರಿಸುತ್ತದೆ, ಮೈಲೇಜ್ ತಿನ್ನುತ್ತದೆ, ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಸಂಪಿಗೆ ಇಳಿಸುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಪೆಟ್ರೋಲ್ ವಾಸನೆ ಬಂದರೆ ಸ್ಕ್ಯಾನರಿಗೆ ಮೊದಲೇ ಅರ್ಧ ಉತ್ತರ ಸಿಕ್ಕಂತೆ.

ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್ಕುಗಳಿಗೆ ಈ ‘ಯಾವಾಗ’ ಕೈಗೆ ಹತ್ತಿದ ವಿದ್ಯೆ. ಗಾಡಿ ಮುಗ್ಗರಿಸುವ ಹೊತ್ತಿನಲ್ಲಿ ಚೋಕ್ ಅರ್ಧ ಎಳೆದು ನೋಡುತ್ತಿದ್ದರು. ಓಟ ಸುಧಾರಿಸಿದರೆ ಲೀನ್, ಇನ್ನೂ ಉಸಿರು ಕಟ್ಟಿದರೆ ರಿಚ್. ಆಮೇಲೆ ಪ್ಲಗ್ ಬಿಚ್ಚುವುದು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ, ಇವತ್ತಿನ ಬಾಷ್, ತಯಾರಿಸಿದ ಪ್ಲಗ್ಗೇ ಆಗ ಈ ಸೀಮೆಯ ಲ್ಯಾಬೊರೇಟರಿ. ತುದಿಯಲ್ಲಿ ಒಣ ಮಸಿ ಕೂತಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಾಗಿದ್ದರೆ ಲೀನ್, ತಿಳಿ ಕಂದು ಇದ್ದರೆ ಸರಿ. ಇದರಲ್ಲೂ ಒಂದು ಸೂಕ್ಷ್ಮವಿತ್ತು. ಹೈವೇಯಲ್ಲಿ ಎಳೆದು, ಅದೇ ಓಟದಲ್ಲಿ ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಗಾಡಿ ನಿಲ್ಲಿಸಿ ಬಿಚ್ಚಿದ ಪ್ಲಗ್ ಮಾತ್ರ ಎಳೆತದ ಕಥೆ ಹೇಳುತ್ತದೆ. ಗ್ಯಾರೇಜಿನ ಮುಂದೆ ಹತ್ತು ನಿಮಿಷ ಐಡಲ್ ಬಿಟ್ಟು ಬಿಚ್ಚಿದ ಪ್ಲಗ್ ಹೇಳುವುದು ಐಡಲಿಂಗಿನ ಕಥೆಯನ್ನು ಮಾತ್ರ. ಒಂದು ಎಳೆತದಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ಟಿನ ಸಂಗತಿ, ಇನ್ನೊಂದು ಐಡಲಿಂಗಿನಲ್ಲಿ ಬಿಡುವ ಸ್ಲೋ ಜೆಟ್ಟಿನದು. ಒಂದನ್ನು ನೋಡಿ ಇನ್ನೊಂದನ್ನು ತಿರುಗಿಸಿದರೆ ಎರಡೂ ಕೆಡುತ್ತಿದ್ದವು.

ಆ ಕಾಲದಲ್ಲಿ ಎತ್ತರವೂ ಆಟ ಆಡುತ್ತಿತ್ತು. ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದದ್ದು ಮುಂಬಯಿಯ ಕುರ್ಲಾದಲ್ಲಿ, ಅಂದರೆ ಸಮುದ್ರದ ಮಗ್ಗುಲಲ್ಲಿ. ಅಲ್ಲಿನ ಗಾಳಿಗೆ ಹೊಂದಿಸಿದ ಜೆಟ್ಟನ್ನು ಕೋಲಾರದ ಗಾಳಿಗೆ ತಂದರೆ ಲೆಕ್ಕದ ಪ್ರಕಾರ ಮಿಕ್ಸ್ಚರ್ ಶೇ 4ರಷ್ಟು ರಿಚ್ ಆಗುತ್ತದೆ. ಬಾಂಬೆಯಿಂದ ಬಂದ ಸೆಕೆಂಡ್ ಹ್ಯಾಂಡ್ ಗಾಡಿಯ ಸ್ಕ್ರೂ ಒಂದಿಷ್ಟು ತಿರುವಿ ಕೊಡುವುದು ಹಾಗಾಗಿ ಮಾಮೂಲು. ಈಗ ಬಂಕುಗಳಲ್ಲಿ ಸಿಗುವ ಇ20 ಇದಕ್ಕೆ ತದ್ವಿರುದ್ಧ. ಅದರಲ್ಲಿರುವ ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ ಬೇಕಾದ ಗಾಳಿ 9 ಪಾಲು ಮಾತ್ರ. ಶೇ 20 ಬೆರೆತಾಗ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಜೆಟ್ಟಿನಲ್ಲೇ ಓಡುವ ಪದ್ಮಿನಿಗೆ ಇದು ಶೇ 7ರಷ್ಟು ಲೀನ್. ಎತ್ತರ ಕೊಟ್ಟ 4ನ್ನು ಇದರಲ್ಲಿ ಕಳೆದರೆ ಉಳಿಯುವುದು 3. ಅಂದರೆ ಅದೇ ಹಳೇ ಗಾಡಿ ಇ20 ತುಂಬಿಕೊಂಡು ಚೆನ್ನೈಯಲ್ಲಿ ಮುಗ್ಗರಿಸುವುದಕ್ಕಿಂತ ಕೋಲಾರದಲ್ಲಿ ಕಡಿಮೆ ಮುಗ್ಗರಿಸಬೇಕು. ಹಳೇ ಗಾಡಿ ಸಾಕುವವರು ಜೆಟ್ ಬದಲಿಸುವ ಮೊದಲು ಈ ಕೂಡು-ಕಳೆ ನೆನಪಿಟ್ಟುಕೊಂಡರೆ ಒಳ್ಳೆಯದು. ರಬ್ಬರ್ ಪೈಪು ಮತ್ತು ಡಯಾಫ್ರಮ್ಮಿಗೆ ಎಥನಾಲ್ ಮಾಡುವ ಹಾನಿ ಬೇರೆಯೇ ಸಂಗತಿ, ಅದಕ್ಕೆ ಎತ್ತರ ರಕ್ಷಣೆ ಕೊಡುವುದಿಲ್ಲ.

2000ದಲ್ಲಿ ಭಾರತ್ ಸ್ಟೇಜ್ ನಿಯಮಗಳು ಬಂದ ಮೇಲೆ ಕಾರುಗಳಿಂದ ಕಾರ್ಬ್ಯುರೇಟರ್ ಜಾಗ ಖಾಲಿ ಮಾಡಿತು. 2020ರ ಬಿಎಸ್6 ಬಂದ ಮೇಲಂತೂ ಪಕ್ಕದ ನರಸಾಪುರದ ಹೋಂಡಾ ಕಾರ್ಖಾನೆಯಿಂದ ಹೊರಬೀಳುವ ಸ್ಕೂಟರಿನಲ್ಲೂ ಅದು ಇಲ್ಲ. ಅದರ ಜಾಗದಲ್ಲಿ ಇಂಜೆಕ್ಟರು, ಒಂದು ಕಂಪ್ಯೂಟರು, ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರು. ಲ್ಯಾಂಬ್ಡಾ ಸೆನ್ಸರ್ ಎಂದೂ ಕರೆಯುವ ಈ ಬಾಷ್ ಉಪಕರಣ ಮೊದಲು ಕಾರಿನಲ್ಲಿ ಕೂತದ್ದು 1976ರಲ್ಲಿ, ವೋಲ್ವೊದಲ್ಲಿ. ಜಿರ್ಕೋನಿಯಾ ಪಿಂಗಾಣಿಯ ಒಂದು ಮಗ್ಗುಲಿಗೆ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಿಗೆ ಹೊಗೆ. ಸುಮಾರು 300 ಡಿಗ್ರಿ ಬಿಸಿಯಾದ ಮೇಲೆ ಎರಡರ ಆಮ್ಲಜನಕದ ಅಂತರಕ್ಕೆ ತಕ್ಕಂತೆ ವೋಲ್ಟ್ ಹುಟ್ಟುತ್ತದೆ. ರಿಚ್ ಆದರೆ 0.9ರ ಹತ್ತಿರ, ಲೀನ್ ಆದರೆ 0.1ರ ಹತ್ತಿರ. ಆರೋಗ್ಯವಂತ ಗಾಡಿಯಲ್ಲಿ ಈ ಅಂಕಿ 0.45ರ ಆಚೀಚೆ ಒಂದೇ ಸಮನೆ ಜಿಗಿಯುತ್ತಿರುತ್ತದೆ. ಹೊಸ ಗಾಡಿಗಳಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಇದ್ದರೆ ವೋಲ್ಟಿನ ಬದಲು ಲ್ಯಾಂಬ್ಡಾ ಅಂಕಿಯೇ, ಅಂದರೆ ಬೇಕಾದ ಗಾಳಿಗೆ ಬಂದ ಗಾಳಿಯ ಅನುಪಾತವೇ, ಕಾಣುತ್ತದೆ, 1ರ ಹತ್ತಿರ ಇದ್ದರೆ ಸರಿ.

ಎಡವುವ ಜಾಗ ಇಲ್ಲೇ ಇದೆ. ಈ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು. ಪೆಟ್ರೋಲ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಒಂದು ಪ್ಲಗ್ ಕಿಡಿ ಕೊಡುತ್ತಿಲ್ಲ ಎಂದುಕೊಳ್ಳಿ. ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹೊರಗೆ ಬರುತ್ತದೆ, ಜೊತೆಗೆ ಬಳಕೆಯಾಗದ ಆಮ್ಲಜನಕವೂ ಬರುತ್ತದೆ. ಸೆನ್ಸರ್ ಆಮ್ಲಜನಕ ನೋಡಿ ‘ಲೀನ್’ ಎನ್ನುತ್ತದೆ, ಕಂಪ್ಯೂಟರು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೂಗಿಗೆ ಹಸಿ ಪೆಟ್ರೋಲಿನ ನಾತ, ಪರದೆಯ ಮೇಲೆ ಲೀನ್ ಕೋಡ್. ಹಾಗೆಯೇ ಸೆನ್ಸರಿಗೆ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೀಳಿದ್ದರೆ ಹೊಗೆಯ ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಕ್ಕೆ ಸೇರುತ್ತದೆ. ಅದೂ ಲೀನ್ ಎಂದೇ ದಾಖಲಾಗುತ್ತದೆ. ಬೆಳಗ್ಗೆ ತಣ್ಣನೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಕಾದ ಮೇಲೆ ನಿಂತರೆ ಈ ಸೀಳನ್ನು ಹುಡುಕಿ. ಮೂಗು ಒಂದು ಹೇಳಿ ಸ್ಕ್ಯಾನರ್ ಇನ್ನೊಂದು ಹೇಳಿದರೆ ನಾನು ಮೂಗಿನ ಪಕ್ಷ.

ಸ್ಕ್ಯಾನರಿನಲ್ಲಿ ಕೋಡ್ ಓದುವುದಕ್ಕಿಂತ ಬೆಲೆಬಾಳುವ ಪುಟ ಲೈವ್ ಡೇಟಾ. ಅದರಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಎರಡು ಅಂಕಿಗಳಿವೆ. ಶಾರ್ಟ್ ಟರ್ಮ್ ಎಂಬುದು ಈ ಕ್ಷಣದ ಚೌಕಾಸಿ. ಲಾಂಗ್ ಟರ್ಮ್ ಎಂಬುದು ಮಂಡಿ ಸಾಹುಕಾರನ ಖಾತೆ ಪುಸ್ತಕ: ದಿನದಿನದ ಚೌಕಾಸಿ ಸರಾಸರಿಯಾಗಿ ಅಲ್ಲಿ ಜಮೆಯಾಗುತ್ತದೆ. ಪ್ಲಸ್ ಎಂದರೆ ಕಂಪ್ಯೂಟರು ಪೆಟ್ರೋಲ್ ಹೆಚ್ಚು ಕೊಡುತ್ತಿದೆ, ಗಾಡಿ ಲೀನ್ ಕಡೆ ವಾಲಿದೆ. ಮೈನಸ್ ಎಂದರೆ ಕಡಿತ ಮಾಡುತ್ತಿದೆ, ರಿಚ್ ಕಡೆ ವಾಲಿದೆ. ಎರಡನ್ನೂ ಕೂಡಿಸಿ ಓದಬೇಕು. ಒಟ್ಟು ಶೇ 10ರ ಒಳಗೆ ಆಡಿದರೆ ಚಿಂತೆಯಿಲ್ಲ. 20 ದಾಟಿ ಕಂಪ್ಯೂಟರಿನ ಕೈ ಸೋತಾಗ ಲೈಟ್ ಹತ್ತುತ್ತದೆ, ಲೀನ್ ಆದರೆ ಪಿ0171, ರಿಚ್ ಆದರೆ ಪಿ0172. ಆದ್ದರಿಂದ ರಿಪೇರಿಗೆ ಮೊದಲು ಕೋಡ್ ಅಳಿಸಲು ಯಾರಿಗೂ ಬಿಡಬೇಡಿ. ಅಳಿಸಿದರೆ ಖಾತೆಯೂ ಅಳಿಸಿಹೋಗುತ್ತದೆ, ಲೈಟ್ ಹತ್ತಿದ ಕ್ಷಣದ ವೇಗ, ಬಿಸಿ, ಲೋಡ್ ಬರೆದಿಟ್ಟ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ‘ಯಾವಾಗ’ ಎಂಬ ಪ್ರಶ್ನೆಗೆ ಗಾಡಿ ತಾನೇ ಬರೆದಿಟ್ಟ ಉತ್ತರ ಅದು.

ಎಂಜಿನ್ ಚೆನ್ನಾಗಿ ಕಾದ ಮೇಲೆ ಟ್ರಿಮ್ಮನ್ನು ಮೂರು ಹೊತ್ತಿನಲ್ಲಿ ನೋಡಿ: ಐಡಲಿಂಗಿನಲ್ಲಿ, ನಿಂತಲ್ಲೇ 2,500 ಆರ್‌ಪಿಎಂನಲ್ಲಿ, ರಸ್ತೆಯ ಎಳೆತದಲ್ಲಿ. ಐಡಲಿಂಗಿನಲ್ಲಿ ಪ್ಲಸ್ 20 ಇದ್ದದ್ದು 2,500ರಲ್ಲಿ 4ಕ್ಕೆ ಇಳಿದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಇಂಟೇಕ್ ಗ್ಯಾಸ್ಕೆಟ್, ಪಿಸಿವಿ ಪೈಪು, ಬ್ರೇಕ್ ಬೂಸ್ಟರ್ ಪೈಪು ನೋಡಿ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಕೊನೆಯದನ್ನು ಮೊದಲು ನೋಡಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ಪೈಪನ್ನೂ ಹುಡುಕಿ. ಸೀಳು ಅಷ್ಟೇ ಇದ್ದರೂ ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ಅದರ ಪಾಲು ಸಣ್ಣದಾಗುತ್ತದೆ, ಅದಕ್ಕೇ ಅಂಕಿ ಇಳಿಯುವುದು. ಉಲ್ಟಾ, ಐಡಲಿಂಗಿನಲ್ಲಿ ಚೆನ್ನಾಗಿದ್ದು ಎಳೆತದಲ್ಲಿ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪು, ಫಿಲ್ಟರು, ಇಂಜೆಕ್ಟರು ಅಥವಾ ಕೊಳೆ ಹಿಡಿದ ಏರ್‌ಫ್ಲೋ ಮೀಟರು. ಮೂರು ಹೊತ್ತಿನಲ್ಲೂ ಒಂದೇ ಸಮ ಪ್ಲಸ್ ಇದ್ದರೆ ಇಂಧನದ ಒತ್ತಡವನ್ನೋ ಇಂಧನವನ್ನೋ ಅನುಮಾನಿಸಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಟ್ರಿಮ್ ನೋಡಬೇಡಿ, ಆಗ ಕಂಪ್ಯೂಟರು ಸೆನ್ಸರಿನ ಮಾತು ಬಿಟ್ಟು ಬೇಕೆಂದೇ ರಿಚ್ ಮಾಡುತ್ತದೆ. ಹಳೇ ಬಗೆಯ ಸೆನ್ಸರ್ ಆದರೆ ಆ ಹೊತ್ತಿನಲ್ಲಿ 0.8 ವೋಲ್ಟಿನ ಮೇಲೇ ನಿಂತಿರಬೇಕು. ನರಸಾಪುರದ ಬಳಿ ಹೈವೇ ಹತ್ತಿ ಮೂರನೇ ಗೇರಿನಲ್ಲಿ ಎಳೆಯುವಾಗ ಅದು 0.2ಕ್ಕೆ ಬಿದ್ದರೆ ಪಂಪು ದಣಿದಿದೆ. ಅಂಕಿ ನೋಡುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದ್ದಲ್ಲ.

ಕಳ್ಳಗಾಳಿಯ ಈ ಸೂತ್ರಕ್ಕೂ ಒಂದು ತಿದ್ದುಪಡಿ ಇದೆ. ಗಾಳಿಯನ್ನು ನೇರ ಅಳೆಯುವ ಏರ್‌ಫ್ಲೋ ಮೀಟರ್ ಇರುವ ಗಾಡಿಗೆ ಮೇಲಿನ ಮಾತು ಚೆನ್ನಾಗಿ ಒಪ್ಪುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಅದು ಇಲ್ಲ. ಅವು ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಿಂದ ಗಾಳಿಯ ಲೆಕ್ಕ ಹಾಕುತ್ತವೆ. ಅಂಥ ಗಾಡಿಯಲ್ಲಿ ಕಳ್ಳಗಾಳಿ ನುಗ್ಗಿದರೆ ಒತ್ತಡವೂ ಏರುತ್ತದೆ, ಕಂಪ್ಯೂಟರು ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಟ್ಟುಬಿಡುತ್ತದೆ. ಲೀನ್ ಕೋಡಿನ ಬದಲು ಐಡಲಿಂಗ್ ಮೇಲೇರಿ ಕೂರುತ್ತದೆ. ಅದಕ್ಕೆ ‘ಐಡಲ್ ವಾಲ್ವ್ ಹೋಗೈತೆ’ ಎಂದು ಇನ್ನೊಂದು ಪಾರ್ಟಿಗೆ ದುಡ್ಡು ತೆರುವವರಿದ್ದಾರೆ.

ಮ್ಯಾಪ್ ಸೆನ್ಸರನ್ನು ಪರೀಕ್ಷಿಸಲು ಕೋಲಾರ ಸೀಮೆಯವರಿಗೆ ಪುಕ್ಕಟೆ ಅಳತೆಗೋಲೇ ಇದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ನೋಡಿ. ವೇಮಗಲ್ಲಿನಲ್ಲಿ 91ರಿಂದ 92 ಕಿಲೋಪಾಸ್ಕಲ್ ತೋರಿಸಬೇಕು. ಅದು ಇಲ್ಲಿನ ವಾತಾವರಣದ ಒತ್ತಡ. ಸಮುದ್ರ ಮಟ್ಟದಲ್ಲಿ 101. ಪುಸ್ತಕದಲ್ಲಿ 101 ಎಂದಿದೆ, ಇಲ್ಲಿ 92 ಬರುತ್ತಿದೆ ಎಂದು ಒಳ್ಳೇ ಸೆನ್ಸರನ್ನು ಬಿಸಾಡಬಾರದು. ಇಲ್ಲಿ ನಿಂತು 101 ತೋರಿಸಿದರೆ ಅದೇ ಸುಳ್ಳು ಹೇಳುತ್ತಿದೆ, ಗಾಡಿಗೆ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಪೆಟ್ರೋಲ್ ಹೋಗುತ್ತದೆ. ತಿರುಪತಿಗೆ ಹೊರಟವರು ಮುಳಬಾಗಿಲು, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು, ತಿರುಪತಿ ಬೆಟ್ಟದ ಕೆಳಗಿನ ಊರಿನಲ್ಲಿ ಮತ್ತೆ ಕೀ ಆನ್ ಮಾಡಿ ನೋಡಿದರೆ ಅಂಕಿ 99ರ ಹತ್ತಿರ ಬಂದಿರಬೇಕು. ಬರದಿದ್ದರೆ ಸೆನ್ಸರ್ ಜಡವಾಗಿದೆ. ತೆಳು ಗಾಳಿಯ ಮಾತು ಬಂದಾಗ ಊರಿನ ಹೊಸ ನಂಟನ್ನೂ ಹೇಳಬೇಕು. ಏರ್‌ಬಸ್ ಎಚ್125 ಹೆಲಿಕಾಪ್ಟರಿನ ಜೋಡಣೆಗೆ ಟಾಟಾ ಮತ್ತು ಏರ್‌ಬಸ್ ಆರಿಸಿಕೊಂಡದ್ದು ವೇಮಗಲ್ಲನ್ನು. ಅದೇ ವಂಶದ ಎಎಸ್350 ಬಿ3 2005ರ ಮೇ 14ರಂದು ಎವರೆಸ್ಟ್ ತುದಿಗೇ ಇಳಿದಿತ್ತು. ನಮ್ಮ ಕಾರಿಗೆ 92 ಕಿಲೋಪಾಸ್ಕಲ್ ಏನೂ ಕಷ್ಟವಲ್ಲ, ಅದನ್ನು ಸರಿಯಾಗಿ ಅಳೆದುಕೊಂಡರೆ ಸಾಕು.

ಇನ್ನು ಏರ್ ಫಿಲ್ಟರ್ ಎಂಬ ಮೂಢನಂಬಿಕೆ. ಕೈಗಾರಿಕಾ ಪ್ರದೇಶದ ಕಾಮಗಾರಿ, ಜಲ್ಲಿ ಹೊತ್ತ ಟಿಪ್ಪರುಗಳು, ಕ್ರಷರುಗಳು ಎಬ್ಬಿಸುವ ದೂಳಿನಲ್ಲಿ ಓಡುವ ಗಾಡಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ನಿಜ. ಕಾರ್ಬ್ಯುರೇಟರ್ ಗಾಡಿಯಲ್ಲಿ ಇದರಿಂದ ಮಿಕ್ಸ್ಚರ್ ರಿಚ್ ಆಗುತ್ತಿತ್ತು. ಇಂಜೆಕ್ಷನ್ ಗಾಡಿ ಬಂದ ಗಾಳಿಯನ್ನು ಅಳೆದೇ ಪೆಟ್ರೋಲ್ ಕೊಡುವುದರಿಂದ ಕಟ್ಟಿದ ಫಿಲ್ಟರಿನಿಂದ ಪಿಕಪ್ ಕುಗ್ಗುತ್ತದೆ ಹೊರತು ಅನುಪಾತ ಕೆಡುವುದು ತೀರಾ ಕಡಿಮೆ. ಫಿಲ್ಟರನ್ನು ಸರಿಯಾಗಿ ಕೂರಿಸದೆ ಅಂಚಿನಿಂದ ದೂಳು ನುಗ್ಗಿ ಏರ್‌ಫ್ಲೋ ಮೀಟರಿನ ತಂತಿಗೆ ಮೆತ್ತಿಕೊಂಡಾಗ ಮಾತ್ರ ನಿಜವಾದ ಲೀನ್ ಶುರುವಾಗುತ್ತದೆ. ತಂತಿ ಬಂದ ಗಾಳಿಗಿಂತ ಕಡಿಮೆ ಹೇಳುತ್ತದೆ, ಪೆಟ್ರೋಲೂ ಕಡಿಮೆ ಬರುತ್ತದೆ. ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆಯಬೇಕು. ಬಟ್ಟೆ, ಬ್ರಷ್ ಮುಟ್ಟಿಸಿದರೆ ಹೊಸ ಮೀಟರಿನ ಬಿಲ್ ಗ್ಯಾರಂಟಿ.

ರಿಚ್ ಕಡೆಯ ಕಾಯಿಲೆಗೆ ನಮ್ಮ ಗ್ಯಾರೇಜುಗಳೇ ಹಾಕಿಕೊಟ್ಟ ಒಂದು ದಾರಿ ಇದೆ. ಗಾಡಿ ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಹಾಕುವುದು. ಅದಿಲ್ಲದ ಎಂಜಿನ್, ಅದರಲ್ಲೂ ಡಿಸೆಂಬರ್-ಜನವರಿಯ ಕೋಲಾರದ ಚಳಿಯಲ್ಲಿ, ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ಕಂಪ್ಯೂಟರು ಇನ್ನೂ ಬೆಳಗಿನ ಸ್ಟಾರ್ಟಿಂಗ್ ಎಂದೇ ತಿಳಿದು ಪೆಟ್ರೋಲ್ ಹೆಚ್ಚು ಕೊಡುತ್ತಲೇ ಇರುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೂ ಕೂಲೆಂಟ್ 80 ಡಿಗ್ರಿ ಮುಟ್ಟದಿದ್ದರೆ ಇಂಜೆಕ್ಟರ್ ಬಿಚ್ಚುವ ಮೊದಲು ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ. ಕೂಲೆಂಟ್ ಸೆನ್ಸರಿನ ಪರೀಕ್ಷೆ ಇನ್ನೂ ಸುಲಭ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿದರೆ ಕೂಲೆಂಟ್ ಮತ್ತು ಇಂಟೇಕ್ ಗಾಳಿಯ ಉಷ್ಣತೆ ಹತ್ತಿರಹತ್ತಿರ ಒಂದೇ ಇರಬೇಕು. ಒಂದು 17, ಇನ್ನೊಂದು ಮೈನಸ್ 40 ಎಂದರೆ ಎರಡನೆಯದರ ವೈರ್ ಕಿತ್ತಿದೆ. ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟಿಂಗ್ ತೊಂದರೆ, ಆಮೇಲೆ ಸರಿ ಎಂದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು. ಅಲ್ಲೂ ಉತ್ತರ ಅಡಗಿರುವುದು ‘ಯಾವಾಗ’ದಲ್ಲೇ.

ಸ್ಕ್ಯಾನರ್ ಇಲ್ಲದವರ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲೂ ಒಂದು ದಾಖಲೆ ಬಿದ್ದಿರುತ್ತದೆ: ಎಮಿಷನ್ ಟೆಸ್ಟ್ ಚೀಟಿ. ದಂಡ ತಪ್ಪಿಸಿಕೊಳ್ಳಲು ಮಾಡಿಸಿ ಮಡಚಿಡುವ ಆ ಚೀಟಿ ನಿಜಕ್ಕೂ ಮಿಕ್ಸ್ಚರ್ ವರದಿ. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2,500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಮಾನಾಕ್ಸೈಡ್ ಏರಿದ್ದರೆ ರಿಚ್. ಮಾನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಮಿಸ್ಸಿಂಗ್. ಕೆಟಲಿಟಿಕ್ ಕನ್ವರ್ಟರ್ ಇವೆರಡನ್ನೂ ಸುಟ್ಟು ಮರೆಮಾಚಬಲ್ಲದು. ಲ್ಯಾಂಬ್ಡಾ ಅಂಕಿಯನ್ನು ಮರೆಮಾಚುವುದು ಅದಕ್ಕೆ ಸಾಧ್ಯವಿಲ್ಲ, ಏಕೆಂದರೆ ಹೊಗೆಯ ಎಲ್ಲ ಅನಿಲಗಳ ಒಟ್ಟು ಲೆಕ್ಕದಿಂದ ಬರುವ ಅಂಕಿ ಅದು. ಎಂಜಿನ್ ಕಾಯಿಸಿಕೊಂಡು ಹೋಗಿ, ಪ್ರೋಬ್ ಪೈಪಿನ ಆಳಕ್ಕೆ ಇಡಿಸಿ, ವರ್ಷವರ್ಷದ ಚೀಟಿಗಳನ್ನು ಬಿಸಾಡದೆ ಜೋಡಿಸಿಡಿ. ಗಾಡಿ ಯಾವ ಕಡೆ ವಾಲುತ್ತಿದೆ ಎಂಬುದು ಲೈಟ್ ಹತ್ತುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಕಾಣುತ್ತದೆ.

ಇ20 ವಿಚಾರದಲ್ಲಿ ಇಂಜೆಕ್ಷನ್ ಗಾಡಿಯವರಿಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಈ ಪೆಟ್ರೋಲನ್ನು ಹಳೇ ಲೆಕ್ಕದ ಇಂಜೆಕ್ಷನ್ ಕಾರಿಗೆ ಹಾಕಿದರೆ ಲಾಂಗ್ ಟರ್ಮ್ ಟ್ರಿಮ್ ಮೂರು ಹೊತ್ತಿನಲ್ಲೂ 3ರಿಂದ 7ರಷ್ಟು ಪ್ಲಸ್ ಕಡೆ ಸರಿಯುವುದು ಸಹಜ. ಅದು ರೋಗವಲ್ಲ, ಇಂಧನಕ್ಕೆ ಗಾಡಿ ಹೊಂದಿಕೊಂಡ ಗುರುತು. ಆದರೆ ಮೊದಲೇ ಸಣ್ಣ ಸೀಳಿನಿಂದ 14ರಲ್ಲಿ ತೂಗಾಡುತ್ತಿದ್ದ ಗಾಡಿಗೆ ಈ 7 ಸೇರಿದರೆ 21 ಆಗಿ ಲೈಟ್ ಹತ್ತುತ್ತದೆ. ಆಗ ಪೆಟ್ರೋಲನ್ನು ಬೈದವರು ಅರ್ಧ ಸರಿ, ಪೈಪನ್ನು ಹುಡುಕಿದವರು ಪೂರ್ತಿ ಸರಿ.

ಹಾಗಾಗಿ ಗ್ಯಾರೇಜಿಗೆ ಹೋಗುವಾಗ ‘ಲೈಟ್ ಬಂದಿದೆ, ನೋಡಿ’ ಎಂದು ಕೀ ಕೊಟ್ಟು ಟೀ ಕುಡಿಯಲು ಹೋಗಬೇಡಿ. ಬೆಳಗ್ಗೆಯೋ ಮಧ್ಯಾಹ್ನವೋ, ನಿಂತಾಗಲೋ ಓಡುವಾಗಲೋ, ಪೆಟ್ರೋಲ್ ತುಂಬಿಸಿ ಎಷ್ಟು ದಿನಕ್ಕೋ ಹೇಳಿ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಫೋಟೊ ತೆಗೆದುಕೊಳ್ಳಿ. ಐಡಲಿಂಗ್ ಮತ್ತು 2,500ರ ಟ್ರಿಮ್ ಎಷ್ಟು ಎಂದು ಕೇಳಿ. ಈ ಪ್ರಶ್ನೆಗೆ ಪರದೆ ತಿರುಗಿಸಿ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ, ಕೇಳಿದಷ್ಟು ಕೂಲಿ ಕೊಡಿ. ಸೆನ್ಸರಿನ ಬೆಲೆಗೆ ಹೋಲಿಸಿದರೆ ಅದು ಅಗ್ಗವೇ.